ಪೈಥಾನ್‌ನಲ್ಲಿ ಒಂದೇ ಸಾಲಿನ ಕೋಡ್ ಎಲ್ಲಿಯವರೆಗೆ ಚೆಂದ?

ಪ್ರಶ್ನೆ:
ಎಲ್ಲ ಆರ್ಡರ್‌ಗಳಲ್ಲಿರುವ ಐಟಂಗಳ ಪೈಕಿ ರದ್ದಾಗದವುಗಳನ್ನು ಮಾತ್ರ ಆರಿಸಿ, ತೆರಿಗೆ ಸೇರಿಸಿದ ಬೆಲೆಗಳ ಪಟ್ಟಿ ಕೊಡುವ ಕೋಡನ್ನು ಒಂದೇ ಲಿಸ್ಟ್ ಕಾಂಪ್ರಿಹೆನ್ಷನ್‌ನಲ್ಲಿ ಬರೆದಿದ್ದೇನೆ, ಅಂದರೆ ಬ್ರಾಕೆಟ್ಟಿನೊಳಗೆ ಫಾರ್, ಇಫ್ ಸೇರಿಸಿ ಒಂದೇ ಏಟಿಗೆ ಪಟ್ಟಿ ಕಟ್ಟುವ ರೂಪದಲ್ಲಿ. ಪೈಥಾನ್‌ನ ಜಾಯಮಾನಕ್ಕೆ ಇದೇ ಒಪ್ಪುತ್ತದೆ ಎಂದು ಒಬ್ಬ ರಿವ್ಯೂವರ್ ಹೇಳಿದರೆ, ಇನ್ನೊಬ್ಬರು ಇದನ್ನು ಓದಲಾಗದು, ಲೂಪ್ ಬರೆಯಿರಿ ಎನ್ನುತ್ತಾರೆ. ಯಾರ ಮಾತನ್ನು ಕೇಳಲಿ?

ಉತ್ತರ 1:
ನಾನು ಎರಡನೆಯವರ ಪಕ್ಷ, ಆದರೆ ಅವರು ಸೂಚಿಸಿದ ಪರಿಹಾರವನ್ನು ಪೂರ್ತಿ ಒಪ್ಪುವುದಿಲ್ಲ. ಕಾಂಪ್ರಿಹೆನ್ಷನ್‌ನಲ್ಲಿ ಫಲಿತಾಂಶ ಮೊದಲು ಬರುತ್ತದೆ, ಅದರ ಮೂಲ ಆಮೇಲೆ. ಒಂದೇ ಫಾರ್ ಇದ್ದಾಗ ಇದು ಓದಲು ಹಿತವಾಗಿಯೇ ಇರುತ್ತದೆ. ಎರಡು ಫಾರ್ ಸೇರಿದಾಗ, ಹೊರಗಿನದು ಮೊದಲು, ಒಳಗಿನದು ನಂತರ ಎಂಬ ಕ್ರಮ ಸಾಮಾನ್ಯ ಲೂಪಿನಂತೆಯೇ ಇದ್ದರೂ, ಸಾಲಿನ ಆರಂಭದಲ್ಲೇ ಕಂಡ 'ಐಟಂ' ಎಲ್ಲಿಂದ ಬಂತೆಂದು ತಿಳಿಯಲು ಕಣ್ಣು ಸಾಲಿನ ತುದಿಯವರೆಗೆ ಹೋಗಿ ಹಿಂದಿರುಗಬೇಕಾಗುತ್ತದೆ. ಅದರ ಮೇಲೆ ಇಫ್ ಷರತ್ತೂ ತೆರಿಗೆಯ ಲೆಕ್ಕವೂ ಸೇರಿದರೆ ಓದುಗ ನಾಲ್ಕು ಸಂಗತಿಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು. ಎರಡು ಫಾರ್ ಮತ್ತು ಷರತ್ತನ್ನು 'ರದ್ದಾಗದ ಐಟಂಗಳು' ಎಂಬ ಅರ್ಥದ ಹೆಸರಿರುವ, ಮೌಲ್ಯಗಳನ್ನು ಒಂದೊಂದಾಗಿ ಕೊಡುವ ಜನರೇಟರ್ ಫಂಕ್ಷನ್‌ಗೆ ಸಾಗಿಸಿ, ಐಟಂಗಳನ್ನು ಯೀಲ್ಡ್ ಮೂಲಕ ಕೊಡಿ. ಬೆಲೆಯ ಲೆಕ್ಕಕ್ಕೆ ಆಗ ಒಂದೇ ಫಾರ್ ಇರುವ ಕಾಂಪ್ರಿಹೆನ್ಷನ್ ಸಾಕು, ಆ ಫಂಕ್ಷನ್ ಬೇರೆಡೆಯೂ ಉಪಯೋಗಕ್ಕೆ ಬರುತ್ತದೆ.

ಉತ್ತರ 2:
ಹೆಸರಿನ ವಿಷಯಕ್ಕೆ ನನ್ನದೂ ಸಹಮತವಿದೆ. ಇನ್ನೊಂದು ಮಾತು: ಲೂಪ್‌ಗೆ ಮರಳುವುದಾದರೆ ರೇಂಜ್ ಮತ್ತು ಲೆನ್ ಜೋಡಿಗೆ, ಅಂದರೆ ಪಟ್ಟಿಯ ಉದ್ದದವರೆಗೆ ಇಂಡೆಕ್ಸ್ (ಕ್ರಮಸಂಖ್ಯೆ) ಎಣಿಸುತ್ತಾ ಹೋಗುವ ವಿಧಾನಕ್ಕೆ, ಮರಳಬೇಡಿ. ಇಂಡೆಕ್ಸ್ ಬೇಕಿದ್ದರೆ ಎನ್ಯೂಮರೇಟ್ ಇದೆ, ಎರಡು ಪಟ್ಟಿಗಳನ್ನು ಜೊತೆಜೊತೆಯಾಗಿ ಓದಲು ಜಿಪ್ ಇದೆ. ಜಿಪ್ ಮಾತ್ರ ಚಿಕ್ಕ ಪಟ್ಟಿ ಮುಗಿದೊಡನೆ ಸದ್ದಿಲ್ಲದೆ ನಿಂತುಬಿಡುತ್ತದೆ. ಉದ್ದಗಳು ಹೊಂದದಿದ್ದಾಗ ಎರರ್ ಬರಲೆಂದು ಪೈಥಾನ್ 3.10ರಿಂದ ಸ್ಟ್ರಿಕ್ಟ್ ಎಂಬ ಆಯ್ಕೆ ಸಿಗುತ್ತದೆ, ಲೆಕ್ಕಪತ್ರದ ಕೋಡಿನಲ್ಲಿ ಅದನ್ನು ಬಿಡಲೇಬಾರದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹೀಗೆ ಬಿಡಿಸಿ ಬರೆದರೆ ವೇಗ ಕುಗ್ಗುವುದಿಲ್ಲವೇ?

ಉತ್ತರ 3:
ಸ್ವಲ್ಪ ಕುಗ್ಗಬಹುದು. ಲೂಪಿನಲ್ಲಿ ಪ್ರತಿ ಬಾರಿ ಪಟ್ಟಿಯ ಕೊನೆಗೆ ಸೇರಿಸುವ ಅಪೆಂಡ್ ಕರೆಯುವುದಕ್ಕಿಂತ ಕಾಂಪ್ರಿಹೆನ್ಷನ್ ಸಾಮಾನ್ಯವಾಗಿ ವೇಗ, 3.12ರಲ್ಲಂತೂ ಅದಕ್ಕಾಗಿ ಒಳಗೊಳಗೇ ಪ್ರತ್ಯೇಕ ಫಂಕ್ಷನ್ ಕರೆಯುವುದೂ ತಪ್ಪಿದೆ. ಆದರೆ ಆರ್ಡರ್‌ಗಳು ಡೇಟಾಬೇಸ್‌ನಿಂದ ಬರುತ್ತಿದ್ದರೆ ಈ ವ್ಯತ್ಯಾಸ ಲೆಕ್ಕಕ್ಕೇ ಬಾರದು, ಆದ್ದರಿಂದ ಮೊದಲು ಪ್ರೊಫೈಲರ್ (ಕೋಡಿನ ಯಾವ ಭಾಗಕ್ಕೆ ಎಷ್ಟು ಸಮಯ ಹಿಡಿಯುತ್ತದೆಂದು ಅಳೆಯುವ ಸಾಧನ) ಓಡಿಸಿ ನೋಡಿ. ಒಂದೇ ಸಾಲು ಬೇಕೇ ಬೇಕೆಂದರೆ, ಪೈಥಾನ್ ಕೋಡಿನ ಶೈಲಿ ಮಾರ್ಗಸೂಚಿಯಾದ ಪೆಪ್ 8 ಹೇಳುವ 79 ಅಕ್ಷರಗಳ ಮಿತಿಯಲ್ಲಿ ಅದು ಹಿಡಿಸುತ್ತದೆಯೇ ನೋಡಿ. ಹಿಡಿಸದಿದ್ದರೆ ಬ್ರಾಕೆಟ್ಟಿನೊಳಗೆ ಪ್ರತಿ ಫಾರ್ ಮತ್ತು ಇಫ್ ಅನ್ನು ಹೊಸ ಸಾಲಿನಿಂದ ಶುರು ಮಾಡಬಹುದು, ಅದಕ್ಕೆ ಬ್ಯಾಕ್‌ಸ್ಲ್ಯಾಷ್ ಬೇಕಾಗಿಲ್ಲ.