ಬೆಳಗಾವಿ ಭಾಗದಲ್ಲಿ ಗಾಂಜಾ ಎಣ್ಣೆಯ ಔಷಧ: ಕಾಯ್ದೆಯೊಳಗೆ ಪಡೆಯುವುದು ಹೇಗೆ?

ಘಟಪ್ರಭಾ ದಂಡೆ (ಗೋಕಾಕ):
ನಮಸ್ಕಾರ್ರಿ ಎಲ್ಲಾರಿಗೂ. ಮನ್ಯಾಗ ಕ್ಯಾನ್ಸರ್ ಪೇಶಂಟ್ ಇದ್ದವರು, ಫಿಟ್ಸ್ ಬರೋ ಮಕ್ಕಳ ತಾಯಿ-ತಂದಿ ನಮ್ಮ ಕಡೆ ಈ ಎಣ್ಣಿ ಬಗ್ಗೆ ಭಾಳ ಕೇಳಾಕತ್ತಾರ. ಫೋನಿನ್ಯಾಗ ‘ವಿಜಯಾ ಎಣ್ಣಿ’ (ಆಯುರ್ವೇದದಾಗ ಈ ಗಿಡಕ್ಕ ವಿಜಯಾ ಅಂತಾರ) ಅಂತ ಜಾಹೀರಾತು ಬರ್ತಾವ. ಇದು ಕಾಯ್ದೇಶೀರ ಐತೇನು? ಯಾವ ಡಾಕ್ಟರ್ ಚೀಟಿ ಬೇಕು? ಕೊಲ್ಹಾಪುರದಿಂದ ತಂದ್ರ ನಿಪ್ಪಾಣಿ ಹತ್ರ ತಪಾಸಣೆಗೆ ಸಿಕ್ಕಾಗ ಏನು ತೋರಿಸ್ಬೇಕು? ಇನ್ನ ಕೆಲವರು ಹೊಲದಾಗ ಒಂದ ಗಿಡ ಹಚ್ಚಿ ಮನ್ಯಾಗ ಎಣ್ಣಿ ಕಾಸ್ತೀವಿ ಅಂತಾರ. ತಿಳಿದವರು ಬಿಡಿಸಿ ಹೇಳ್ರಿ.

ಕೋರ್ಟ್ ರಸ್ತೆ (ಬಾಗಲಕೋಟೆ):
ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅಪಾಯ ಹೆಚ್ಚಿರುವುದು ಅಲ್ಲೇ. ಕಬ್ಬಿನ ಸಾಲಿನ ನಡುವೆ ಒಂದೇ ಗಿಡ ಇದ್ದರೂ ಅದು ಬೇಸಾಯವೇ. 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕೇಂದ್ರ ಕಾಯ್ದೆ) 20ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ‘ಔಷಧಕ್ಕೆ ಬೆಳೆಸಿದ್ದು’ ಎಂದರೆ ನಡೆಯುವುದಿಲ್ಲ. ವೈದ್ಯಕೀಯ ಬಳಕೆಗೆ 8ನೇ ಸೆಕ್ಷನ್ ಜಾಗ ಬಿಟ್ಟಿರುವುದು ನಿಜ, ಆದರೆ ಪರವಾನಗಿ ಇದ್ದವರಿಗೆ ಮಾತ್ರ.

ಎಣ್ಣೆಯ ವಿಷಯಕ್ಕೆ ಬಂದರೆ, ಗಿಡದ ಯಾವ ಭಾಗದಿಂದ ತೆಗೆದದ್ದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ಬೇರ್ಪಡಿಸಿದ ಅಂಟು ಚರಸ್. ಹ್ಯಾಶಿಶ್ ಎಣ್ಣೆಯನ್ನೂ ಕಾಯ್ದೆ ಹೆಸರು ಹಿಡಿದು ಚರಸ್‌ನೊಳಗೇ ಸೇರಿಸಿದೆ. ತುದಿ ಕೂಡಿರದ ಬರೀ ಎಲೆ ಮತ್ತು ಬೀಜ ಈ ವ್ಯಾಖ್ಯೆಯ ಹೊರಗೆ. ಗಾಂಜಾಕ್ಕೆ ‘ಅಲ್ಪ ಪ್ರಮಾಣ’ದ ಮಿತಿ 1 ಕಿಲೋ, ಚರಸ್‌ಗೆ ಬರೀ 100 ಗ್ರಾಂ. ಅಲ್ಪ ಪ್ರಮಾಣವೆಂದರೆ ಬಿಡುಗಡೆ ಎಂದಲ್ಲ: 1 ವರ್ಷದವರೆಗೆ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೂವಿನಿಂದ ಮನೆಯಲ್ಲಿ ಕಾಸಿದ ಎಣ್ಣೆ ಯಾವ ಲೆಕ್ಕದಲ್ಲೂ ಪಾರಾಗುವುದಿಲ್ಲ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ರೋಗಿಗೆ ಕಾರ್ಡ್ ಕೊಡುವ ಪದ್ಧತಿ ಇದೆ. ಕರ್ನಾಟಕದಲ್ಲಿ ಅಂಥದ್ದಿಲ್ಲ, ‘ಕಾರ್ಡ್ ಮಾಡಿಸಿಕೊಡುತ್ತೇವೆ’ ಎಂದು ದುಡ್ಡು ಕೇಳಿದರೆ ಅದು ಮೋಸ. 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ, ಭಂಗಿ (ಈ ಗಿಡದ ಎಲೆಯಿಂದ ಮಾಡಿದ್ದು) ಎನ್‌ಡಿಪಿಎಸ್ ಅಡಿ ನಿಷೇಧಿತವೆಂದು ಎಲ್ಲೂ ಹೇಳಿಲ್ಲ ಎಂದಿತು. ಅದನ್ನೇ ನೆಚ್ಚಿಕೊಂಡು ಬಿಡಿ ಎಲೆ ಇಟ್ಟುಕೊಳ್ಳಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಎಲೆಯೂ ಮಾದಕ ವಸ್ತುವೇ. ಹಾಗಾಗಿ ರೋಗಿಗೆ ಇರುವ ದಾರಿ, ಪರವಾನಗಿ ಪಡೆದ ತಯಾರಕರ ಎಲೆಯ ಆಯುರ್ವೇದ ಔಷಧ, ಅದೂ ವೈದ್ಯರ ಚೀಟಿಯ ಮೇಲೆ.

ಔಷಧಿ ಕಪಾಟು (ಬೆಳಗಾವಿ):
ವಕೀಲರು ಹೇಳಿದ್ದು ಖರೇ. ಮುಂದಿನದು ಹಿಂಗ ಐತ್ರಿ. ಭಂಗಿ ಅನ್ನೋದು ಔಷಧ ನಿಯಮಗಳ ‘ಇ(1)’ ಶೆಡ್ಯೂಲ್‌ನ್ಯಾಗ ಬರತೈತಿ, ಅಂದ್ರ ಆಯುರ್ವೇದದಾಗ ವಿಷದ ಗುಣ ಇರೋ ದ್ರವ್ಯಗಳ ಪಟ್ಟಿ. ವತ್ಸನಾಭಿ, ದತೂರಿ ಸೈತ ಅದರಾಗ ಅದಾವ. ಜಾತೀಫಲಾದಿ ಚೂರ್ಣದಾಗೂ ಭಂಗಿ ಇರತೈತಿ, ಇದು ಭಾಳ ಮಂದಿಗೆ ಗೊತ್ತಿಲ್ಲ.

ನೋಂದಣಿ ಇರೋ ಬಿ.ಎ.ಎಂ.ಎಸ್. (ಆಯುರ್ವೇದ ಪದವಿ) ವೈದ್ಯರ ಹತ್ರ ಪೇಶಂಟ್‌ನ ಕರ್ಕೊಂಡು ಹೋಗ್ರಿ, ಹಳೇ ರಿಪೋರ್ಟು, ಈಗ ತಗೊಳ್ಳೋ ಎಲ್ಲಾ ಗುಳಿಗಿ ಜೋಡಿ. ಚೀಟಿ ಮ್ಯಾಲ ಪೇಶಂಟ್ ಹೆಸರು, ವಯಸ್ಸು, ತಾರೀಖು, ಔಷಧದ ಹೆಸರು, ಡೋಸು, ಎಷ್ಟು ದಿನ, ವೈದ್ಯರ ನೋಂದಣಿ ನಂಬರ್ ಇರಲೇಬೇಕು. ಬಾಟ್ಲಿ ಮ್ಯಾಲ ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದ ಮತ್ತು ಮುಗಿಯೋ ತಾರೀಖು ನೋಡ್ರಿ. ‘ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು’ ಅನ್ನೋ ಎಚ್ಚರಿಕೆ ಇಂಗ್ಲಿಷ್, ಹಿಂದಿ ಎರಡರಾಗೂ ಇರಬೇಕಂತ ನಿಯಮ ಐತಿ. ಅದಿಲ್ಲಂದ್ರ ವಾಪಸ್ ಕೊಟ್ಟುಬಿಡ್ರಿ.

ಸೂಪರ್ ಮಾರ್ಕೆಟ್‌ನ್ಯಾಗ ಸಿಗೋ ಹೆಂಪ್ ಬೀಜದ ಎಣ್ಣಿ ಇದಲ್ಲ. ಅದನ್ನ 2021ರಾಗ ಆಹಾರ ಅಂತ ಒಪ್ಪ್ಯಾರ. ನೋವಿಗೂ ಫಿಟ್ಸಿಗೂ ಅದರಿಂದ ಏನೂ ಆಗೂದಿಲ್ಲ.

ಡೋಸಿನ್ಯಾಗ ಮಂದಿ ತಪ್ಪೋದು ಇಲ್ಲಿ: ಬಾಟ್ಲಿ ಮ್ಯಾಲ ‘1500 ಮಿ.ಗ್ರಾಂ ಸಾರ’ ಅಂತ ಇದ್ರ ಅದು ಟಿಎಚ್‌ಸಿ (ಗಿಡದಾಗ ಅಮಲು ತರೋ ಅಂಶ) ಅಲ್ಲ, ಒಟ್ಟು ಸಾರ. ಆ ಬ್ಯಾಚಿನ ಲ್ಯಾಬ್ ವರದಿ ಕೇಳಿ, 1 ಮಿ.ಲೀ.ದಾಗ ಟಿಎಚ್‌ಸಿ ಎಷ್ಟು, ಸಿಬಿಡಿ (ಅದೇ ಗಿಡದ ಅಮಲು ತರದ ಅಂಶ) ಎಷ್ಟು ಅಂತ ಬರ್ಕೊಳ್ರಿ. 1 ಮಿ.ಲೀ.ಗೆ 25 ಮಿ.ಗ್ರಾಂ ಟಿಎಚ್‌ಸಿ ಇದ್ರ 0.1 ಮಿ.ಲೀ. ಅಂದ್ರ 2.5 ಮಿ.ಗ್ರಾಂ. ಹೊಸಬರಿಗೆ ಅಷ್ಟು, ಇಲ್ಲಾ ಅದಕ್ಕೂ ಕಡಿಮಿ, ರಾತ್ರಿ ಮಲಗೋ ಮುಂದ ಕೊಟ್ಟು ಶುರು ಮಾಡ್ತಾರ. ಹನಿ ಎಣಿಸಬ್ಯಾಡ್ರಿ, ದಪ್ಪ ಎಣ್ಣಿ ಹನಿ ಥಂಡಿಯೊಳಗ ಒಂದು ಥರ, ಬ್ಯಾಸಿಗ್ಯಾಗ ಇನ್ನೊಂದು ಥರ ಬೀಳತೈತಿ. ಸೂಜಿ ಇಲ್ಲದ 1 ಮಿ.ಲೀ. ಸಿರಿಂಜ್ ತಗೊಳ್ರಿ. ನುಂಗಿದ ಎಣ್ಣಿ ಹತ್ತಾಕ 1–2 ತಾಸು ಬೇಕು. ಅರ್ಧ ತಾಸಿಗೆ ‘ಏನೂ ಆಗಲಿಲ್ಲ’ ಅಂತ ಮತ್ತ ಕೊಟ್ರ ನಡುರಾತ್ರಿ ಎದಿ ಬಡಿತ, ಗಾಬರಿ, ತಲಿ ಸುತ್ತಿ ಬೀಳೋದು. ವಯಸ್ಸಾದವರಿಗೆ ಆ ಬೀಳೋದ ದೊಡ್ಡ ಅಪಾಯ.

ನೋವಿನ ವಾರ್ಡ್ (ವಿಜಯಪುರ):
ಕ್ಯಾನ್ಸರ್ ನೋವಿಗೆ ಈ ಎಣ್ಣೆಯನ್ನೇ ಮೊದಲ ಔಷಧವಾಗಿ ಹುಡುಕುವುದು ನೋಡಿದರೆ ಸಂಕಟವಾಗುತ್ತದೆ. ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಇದೆ, ಅಗ್ಗವೂ ಹೌದು. ಎನ್‌ಡಿಪಿಎಸ್‌ಗೆ 2014ರಲ್ಲಿ ತಂದ ತಿದ್ದುಪಡಿಯ ನಂತರ, ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಟ್ಟ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಂಡು ರೋಗಿಗೆ ಕೊಡಬಹುದು. ದೊಡ್ಡ ಆಸ್ಪತ್ರೆಗೆ ಹೋದಾಗ ‘ಇಲ್ಲಿ ಮಾರ್ಫಿನ್ ಮಾನ್ಯತೆ ಇದೆಯೇ, ಉಪಶಮನ ಚಿಕಿತ್ಸೆಯ ವೈದ್ಯರು ಯಾವತ್ತು ಕೂರುತ್ತಾರೆ?’ ಎಂದೇ ಕೇಳಿ. ಸಾದಾ ಮಾರ್ಫಿನ್ ಮಾತ್ರೆಯನ್ನು 4 ಗಂಟೆಗೊಮ್ಮೆ ಕೊಡುತ್ತಾರೆ, ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧ ಜೊತೆಗಿರಬೇಕು.

ಮಕ್ಕಳ ಫಿಟ್ಸ್ ವಿಷಯ ಇನ್ನೂ ನಾಜೂಕು. ಡ್ರಾವೆ, ಲೆನಾಕ್ಸ್-ಗ್ಯಾಸ್ಟೊ ಎಂಬ ಎರಡು ಅಪರೂಪದ ಕಾಯಿಲೆಗಳಿಗೆ ಅಮೆರಿಕ 2018ರಲ್ಲಿ ಒಪ್ಪಿದ್ದು ಶುದ್ಧೀಕರಿಸಿದ ಸಿಬಿಡಿಯನ್ನು. ಅದರ ಡೋಸ್ ಕಿಲೋ ತೂಕಕ್ಕೆ 2.5 ಮಿ.ಗ್ರಾಂ, ದಿನಕ್ಕೆ ಎರಡು ಸಲ. ವಾರದ ನಂತರ ಅದರ ಎರಡರಷ್ಟು. 20 ಕಿಲೋ ಮಗುವಿಗೆ ದಿನಕ್ಕೆ 200 ಮಿ.ಗ್ರಾಂ ಆಯಿತು. 1 ಮಿ.ಲೀ.ಗೆ 10 ಮಿ.ಗ್ರಾಂ ಸಿಬಿಡಿ ಇರುವ ಎಲೆಯ ಎಣ್ಣೆಯಿಂದ ಅಷ್ಟು ಕೊಡಬೇಕೆಂದರೆ ದಿನಕ್ಕೆ 20 ಮಿ.ಲೀ. ಹೋಗುತ್ತದೆ, ಜೊತೆಗೆ ಟಿಎಚ್‌ಸಿಯೂ ಮಗುವಿನ ಹೊಟ್ಟೆಗೆ. ಹಾಗಾಗಿ ಎಲೆಯ ಎಣ್ಣೆ ಶುದ್ಧ ಸಿಬಿಡಿಗೆ ಬದಲಿ ಅಲ್ಲ. ಫಿಟ್ಸ್ ಮಾತ್ರೆಗಳ ವಿಷಯದಲ್ಲೂ ಎಚ್ಚರ: ಸಿಬಿಡಿ ಕ್ಲೋಬಜಾಮ್ ಜೊತೆ ಸೇರಿದರೆ ಮಗು ವಿಪರೀತ ಮಂಪರಿಗೆ ಹೋಗುತ್ತದೆ, ವಾಲ್‌ಪ್ರೊಯೇಟ್ ಜೊತೆ ಲಿವರ್ ಕಿಣ್ವ ಏರುತ್ತದೆ. ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಎಣ್ಣೆ ಹಿಡಿಯುವುದಂತೂ ಜೀವಕ್ಕೇ ಕುತ್ತು, ಫಿಟ್ಸ್ ನಿಲ್ಲದೆ ಸಾಲುಸಾಲಾಗಿ ಬರಬಹುದು. ನರರೋಗ ತಜ್ಞರಿಗೆ ಹೇಳದೆ ಏನೂ ಮಾಡಬೇಡಿ.

ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ತಗೊಳ್ಳುವವರು, ಗರ್ಭಿಣಿಯರು, ಹೃದ್ರೋಗ ಇರುವವರು, ಮನೆಯಲ್ಲಿ ಸ್ಕಿಜೋಫ್ರೇನಿಯಾ ಇದ್ದವರು ಟಿಎಚ್‌ಸಿ ಇರುವುದನ್ನು ಮುಟ್ಟದಿರುವುದೇ ಒಳ್ಳೆಯದು.

ಘಟಪ್ರಭಾ ದಂಡೆ:
ಭಾಳ ಉಪಕಾರ ಆತ್ರಿ. ತರೋ ಮುಂದ ಚೀಟಿ ಅಪ್ಪಂದು, ಬಿಲ್ ಮಗಂದು ಇದ್ರ ನಡೀತೈತೇನು?

ಕೋರ್ಟ್ ರಸ್ತೆ:
ಚೀಟಿಯಲ್ಲಿರುವ ಹೆಸರೇ ಬಿಲ್‌ನಲ್ಲೂ ಬರಲಿ, ದುಡ್ಡು ಯಾರೇ ಕಟ್ಟಲಿ. ತರುವವರ ಬಳಿ ಚೀಟಿ, ಬ್ಯಾಚ್ ನಂಬರ್ ಇರುವ ಬಿಲ್, ರೋಗಿಯ ಗುರುತಿನ ಚೀಟಿಯ ನಕಲು ಇರಲಿ. ಬಾಟಲಿಯನ್ನು ಅದರ ಡಬ್ಬಿಯಲ್ಲೇ ತನ್ನಿ, ಲೇಬಲ್ ಕೀಳಬೇಡಿ, ಬೇರೆ ಶೀಶೆಗೆ ಸುರಿಯಬೇಡಿ. ಲೇಬಲ್ ಇಲ್ಲದ ಹಸಿರು ಎಣ್ಣೆ ಎಲೆಯದೋ ಹೂವಿನದೋ ಎಂದು ಪೊಲೀಸರಿಗೆ ರಸ್ತೆಯಲ್ಲಿ ತಿಳಿಯುವುದಿಲ್ಲ. ಪ್ರಯೋಗಾಲಯದ ವರದಿ ಬರುವತನಕ ಅಲೆದಾಟ ನಿಮ್ಮದೇ. ತಗೊಂಡ ಮೇಲೆ ಗಾಡಿ ಓಡಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕುಡಿದವರಿಗಷ್ಟೇ ಅಲ್ಲ, ಮಾದಕ ಪದಾರ್ಥದ ಅಮಲಿನಲ್ಲಿರುವವರಿಗೂ ಅನ್ವಯ.