ಪ್ರಿಆಂಪ್ ಮುಳ್ಳು ಕೆಂಪಿಗೆ ಹೋಗುವುದಿಲ್ಲ, ಆದರೂ ದನಿ ಒಡೆಯುತ್ತದೆ

ತೀರ್ಥಹಳ್ಳಿ_ತಾಳ:
ಮನೆ ಜಗಲಿಯಲ್ಲಿ ತಾಳಮದ್ದಳೆ ರೆಕಾರ್ಡ್ ಮಾಡುತ್ತಿದ್ದೇವೆ. ಭಾಗವತರಿಗೆ ಕಂಡೆನ್ಸರ್ ಮೈಕ್. ಅದು ಪ್ರಿಆಂಪ್‌ಗೆ (ಮೈಕಿನ ಸಣ್ಣ ಸಿಗ್ನಲ್ ಏರಿಸುವ ಪೆಟ್ಟಿಗೆ), ಅಲ್ಲಿಂದ ಇಂಟರ್‌ಫೇಸ್‌ಗೆ (ಅದನ್ನು ಡಿಜಿಟಲ್ ಮಾಡುವ ಪೆಟ್ಟಿಗೆ), ಆಮೇಲೆ ಲ್ಯಾಪ್‌ಟಾಪ್. ಪ್ರಿಆಂಪ್‌ನಲ್ಲಿ ಗೇನ್ (ಒಳಬಂದದ್ದನ್ನು ಏರಿಸಲು), ಔಟ್‌ಪುಟ್ (ಹೊರಹೋಗುವುದನ್ನು ಹೆಚ್ಚುಕಡಿಮೆ ಮಾಡಲು) ಅಂತ ಎರಡು ನಾಬ್ ಇವೆ. ಗೇನ್ ಮುಕ್ಕಾಲು ತಿರುಗಿಸಿದ್ದೇನೆ, ಔಟ್‌ಪುಟ್ ಸ್ವಲ್ಪವೇ ಬಿಟ್ಟಿದ್ದೇನೆ. ಪ್ರಿಆಂಪ್ ಮೀಟರಿನ ಮುಳ್ಳು ಸೊನ್ನೆಯ ಹತ್ತಿರಕ್ಕೂ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಮೀಟರ್ ಮೈನಸ್ 14 ಡಿಬಿ ದಾಟುವುದಿಲ್ಲ. ಆದರೂ ಏರುಪದ್ಯ ಬಂತೆಂದರೆ ಚರ್ ಅನ್ನುತ್ತದೆ. ಗೇನ್ ಇಳಿಸಿದರೆ ಅರ್ಥ ಹೇಳುವಾಗ ಸುಯ್ ಅನ್ನುವ ಸದ್ದು ಜಾಸ್ತಿ. ಗೇನ್ ಎಷ್ಟಕ್ಕೆ ಇಡಬೇಕು?

ಸಾಗರ_ಸೌಂಡ್:
ಪ್ರಿಆಂಪ್‌ನಿಂದ ಇಂಟರ್‌ಫೇಸ್‌ಗೆ ಯಾವ ಕೇಬಲ್? ಎರಡೂ ಕಡೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಪ್ಲಗ್) ಆ?

ತೀರ್ಥಹಳ್ಳಿ_ತಾಳ:
ಹೌದು, ಮೈಕಿನ ಕೇಬಲ್ಲೇ. ಇಂಟರ್‌ಫೇಸ್‌ನಲ್ಲೂ 48 ವೋಲ್ಟ್ ಹಾಕಿದ್ದೇನೆ. ಕಂಡೆನ್ಸರ್ ಅಲ್ವಾ?

ಸಾಗರ_ಸೌಂಡ್:
ಮಾರಾಯ್ರೆ, ಮೊದಲು ಆ 48 ವೋಲ್ಟ್ ಆಫ್ ಮಾಡಿ. ಅದು ಬೇಕಾದ್ದು ಮೈಕಿಗೆ, ಕೊಡಬೇಕಾದ್ದು ಪ್ರಿಆಂಪ್. ಈಗ ಇಂಟರ್‌ಫೇಸ್ ನಿಮ್ಮ ಪ್ರಿಆಂಪಿನ ಬಾಲಕ್ಕೆ ಕರೆಂಟು ಕಳಿಸುತ್ತಿದೆ.

ಎರಡನೆಯದು, ಹೆಚ್ಚಿನ ಇಂಟರ್‌ಫೇಸ್‌ಗಳ ಕಾಂಬೋ (ಎರಡು ಬಗೆ ಪ್ಲಗ್ ಹಿಡಿಸುವ) ಸಾಕೆಟ್ಟಿಗೆ ಎಕ್ಸ್‌ಎಲ್‌ಆರ್ ಚುಚ್ಚಿದರೆ ಸಿಗ್ನಲ್ ಅದರ ಒಳಗಿನ ಮೈಕ್ ಪ್ರಿಆಂಪ್‌ಗೆ ಹೋಗುತ್ತದೆ. ಅಂದರೆ ನಿಮ್ಮಲ್ಲಿ ಪ್ರಿಆಂಪ್ ಮೇಲೆ ಪ್ರಿಆಂಪ್. ಮೈಕಿನಿಂದ ಬರುವುದು ಕೆಲವು ಮಿಲಿವೋಲ್ಟ್. ಪ್ರಿಆಂಪ್ ಅದನ್ನು ಲೈನ್ ಮಟ್ಟಕ್ಕೆ ಏರಿಸುತ್ತದೆ, ಪ್ಲಸ್ 4 ಡಿಬಿಯು ಅಂದರೆ 1.23 ವೋಲ್ಟ್. ಅಷ್ಟನ್ನು ಮೈಕ್ ಇನ್‌ಪುಟ್ ತಡೆಯುವುದಿಲ್ಲ, ಅದಕ್ಕೇ ನೀವು ಔಟ್‌ಪುಟ್ ಮುಚ್ಚಿಟ್ಟಿದ್ದೀರಿ. ಸುಯ್ ಸದ್ದಿನಲ್ಲೂ ಇದರ ಪಾಲಿದೆ. ಸಾಕೆಟ್ಟಿನ ನಡುವಿನ ತೂತಿಗೆ ಟಿಆರ್‌ಎಸ್ ಪಿನ್ (ದೊಡ್ಡ ಹೆಡ್‌ಫೋನ್ ಪಿನ್ನಿನಂಥದ್ದು) ಹಾಕಿ, ಲೈನ್ ಅಂತ ಆರಿಸಿ, ಇಂಟರ್‌ಫೇಸ್ ಗೇನ್ ಪೂರ್ತಿ ಕೆಳಗಿಡಿ.

ಇನ್ನು ಒಡೆಯುವುದು. ನಿಮ್ಮ ದನಿ ಒಡೆಯುತ್ತಿರುವುದು ಗೇನ್ ಹಂತದಲ್ಲಿ. ಹಲವು ಪ್ರಿಆಂಪ್‌ಗಳಲ್ಲಿ ಮುಳ್ಳು ತೋರಿಸುವುದು ಔಟ್‌ಪುಟ್ ನಾಬ್ ದಾಟಿ ಬಂದದ್ದನ್ನು ಮಾತ್ರ. ಒಡೆದದ್ದನ್ನು ಆಮೇಲೆ ತಗ್ಗಿಸಿದರೆ ಒಡೆದದ್ದೇ ಸಣ್ಣ ದನಿಯಲ್ಲಿ ಕೇಳುತ್ತದೆ, ಅಷ್ಟೇ. ಮೇಲಾಗಿ ವಿಯು (ಸರಾಸರಿ ಮಟ್ಟ ತೋರಿಸುವ) ಮೀಟರಿನ ಮುಳ್ಳು ನಿಧಾನ. ಪೂರ್ತಿ ಏರಲು ಅದಕ್ಕೆ 300 ಮಿಲಿಸೆಕೆಂಡ್ ಬೇಕು. ಭಾಗವತರ ಕೈಯ ತಾಳ ಅಷ್ಟರಲ್ಲಿ ಬಿದ್ದು ಮುಗಿದಿರುತ್ತದೆ.

ಔಟ್‌ಪುಟ್ ಅರ್ಧಕ್ಕಿಂತ ಮೇಲೆ ತೆರೆದಿಡಿ, ಗೇನ್ ಸೊನ್ನೆಯಿಂದ ಶುರು ಮಾಡಿ. ಚೆಕ್ಕಿಗೆ 'ಹಲೋ, ಒಂದು ಎರಡು' ಬೇಡ. ಭಾಗವತರ ಹತ್ತಿರ ಏರುಪದ್ಯವನ್ನೇ ಹಾಡಿಸಿ, ತಾಳವೂ ಇರಲಿ, ಚಂಡೆಯೂ ಇರಲಿ. ಚಂಡೆ ಇಲ್ಲದೆ ಯಾವ ಭಾಗವತರೂ ಪೂರ್ತಿ ದನಿ ತೆಗೆಯುವುದಿಲ್ಲ. ಸಾಫ್ಟ್‌ವೇರ್ ಮೀಟರಿನ ತುದಿ ಮೈನಸ್ 10ರ ಆಸುಪಾಸು ಬಂದಾಗ ಗೇನ್ ಏರಿಸುವುದು ನಿಲ್ಲಿಸಿ. ಗೇನ್ ಕೆಳಗಿದ್ದರೂ ಒಡೆದರೆ ಪ್ಯಾಡ್ (ಒಳಬರುವ ಸಿಗ್ನಲ್ ತಗ್ಗಿಸುವ ಗುಂಡಿ) ಒತ್ತಿ.

ಕೊಪ್ಪ_ಹಳೇ_ಟೇಪು:
ಮೈನಸ್ 10 ಕಡಿಮೆಯಾಯಿತು. ನಾವು ಕ್ಯಾಸೆಟ್ಟಿಗೆ ಕೆಂಪು ಮುಟ್ಟಿಸಿಯೇ ತುಂಬುತ್ತಿದ್ದೆವು.

ಸಾಗರ_ಸೌಂಡ್:
ಟೇಪಿಗೆ ಅದು ಸರಿ ಅಣ್ಣಾ, ಟೇಪಿನ ಸುಯ್ ಮುಚ್ಚಬೇಕಿತ್ತು. ಟೇಪು ಮೆಲ್ಲಗೆ ಒಡೆಯುತ್ತದೆ, ಡಿಜಿಟಲ್ ಸೊನ್ನೆ ದಾಟಿದರೆ ಕತ್ತರಿಸಿಯೇ ಬಿಡುತ್ತದೆ. 24 ಬಿಟ್ ರೆಕಾರ್ಡಿಂಗಿಗೆ ಲೆಕ್ಕದಲ್ಲಿ ಅತಿ ಸಣ್ಣ ದನಿಯಿಂದ ಅತಿ ದೊಡ್ಡದರವರೆಗೆ 144 ಡಿಬಿ ಜಾಗ ಇದೆ, 16 ಬಿಟ್‌ಗೆ 96. ಹತ್ತು ಡಿಬಿ ಬಿಟ್ಟರೆ ಏನೂ ಹೋಗುವುದಿಲ್ಲ. ಮಳೆಗಾಲದಲ್ಲಂತೂ ಹೆಂಚಿನ ಸದ್ದೇ ಡಿಜಿಟಲ್ಲಿನ ಸುಯ್ ಸದ್ದಿಗಿಂತ ಎಷ್ಟೋ ಮೇಲಿರುತ್ತದೆ.

ತೀರ್ಥಹಳ್ಳಿ_ತಾಳ:
48 ವೋಲ್ಟ್ ತೆಗೆದೆ. ಮೆತ್ತಗೆ ಅರ್ಥ ಹೇಳುವವರಿಗೆ ಏನು ಮಾಡುವುದು? ಅದೇ ಮೈಕಿನ ಮುಂದೆ ಕೂರುತ್ತಾರೆ.

ಸಾಗರ_ಸೌಂಡ್:
ನಾಬ್ ಮುಟ್ಟಬೇಡಿ, ಅವರನ್ನೇ ಹತ್ತಿರ ಕೂರಿಸಿ. ದೂರ ಅರ್ಧವಾದರೆ ಸುಮಾರು 6 ಡಿಬಿ ಪುಕ್ಕಟೆ ಸಿಗುತ್ತದೆ. ಸಾಧ್ಯವಾದರೆ ಅವರಿಗೆ ಬೇರೆ ಮೈಕ್, ಬೇರೆ ಚಾನೆಲ್ ಕೊಡಿ. ಭಾಗವತರ ಮೈಕನ್ನು ಬಾಯಿಗಿಂತ ಸ್ವಲ್ಪ ಮೇಲಿಟ್ಟು ಕೆಳಕ್ಕೆ ಬಾಗಿಸಬೇಡಿ, ತಾಳ ನೇರ ಅದರೊಳಕ್ಕೆ ಹೋಗುತ್ತದೆ.

ಶಿವಮೊಗ್ಗಕ್ಕೆ ಹೋದಾಗ ಕೇಬಲ್ ತರುವುದಾದರೆ ಒಂದು ತುದಿ ಹೆಣ್ಣು ಎಕ್ಸ್‌ಎಲ್‌ಆರ್, ಇನ್ನೊಂದು ತುದಿ ಟಿಆರ್‌ಎಸ್ ಅಂತ ಕೇಳಿ. ಪಿನ್ನಿನ ಮೇಲೆ ಕಪ್ಪು ಗೆರೆ ಎರಡಿರಬೇಕು. ಒಂದೇ ಇದ್ದರೆ ಅದು ಗಿಟಾರಿನದ್ದು, ತರಬೇಡಿ.