ಬೇಸಿಗೆಯಲ್ಲಿ ಅಮ್ಮನಿಗೆ ನೆನಪಿಸುವ ಡಬ್ಬಿ: ಯಾರಾದರೂ ಮಾಡಿದ್ದೀರಾ?

ಹಗಲೆಲ್ಲ ಅಮ್ಮ ಒಬ್ಬರೇ ಇರುತ್ತಾರೆ. ನೀರು ಕುಡಿಯಲು, ಕಿಟಕಿ ಮುಚ್ಚಲು ಫೋನಿನಲ್ಲಿ ಅಲಾರಂ ಇಟ್ಟರೆ ಆಫ್ ಮಾಡಿ ಮರೆತುಬಿಡುತ್ತಾರೆ. ಆರ್ಡುಯಿನೋ (ಪ್ರೋಗ್ರಾಂ ಬರೆದು ದೀಪ, ಸದ್ದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಸ್ವಲ್ಪ ಗೊತ್ತು. ಅನುಭವ ಇದ್ದವರು ಹೇಳಿ.

ಉತ್ತರ 1: ಅಪ್ಪನಿಗೆ ಮಾಡಿಕೊಟ್ಟಿದ್ದೇನೆ. ಮೊದಲನೇ ಮಾತು, ಆಫ್ ಬಟನ್ ಇಡಲೇಬೇಡಿ. ನೀರಿನ ಲೋಟದ ಕೆಳಗೆ ಒಂದು ಲಿವರ್ ಸ್ವಿಚ್ (ಭಾರ ಬಿದ್ದರೆ ಒತ್ತಿಕೊಳ್ಳುವ ಪುಟ್ಟ ಸ್ವಿಚ್) ಇಟ್ಟಿದ್ದೇನೆ. ಗಂಟೆಗೊಮ್ಮೆ ದೀಪ ಹತ್ತಿ ಸದ್ದಾಗುತ್ತದೆ, ಲೋಟ ಎತ್ತಿದರೆ ಮಾತ್ರ ನಿಲ್ಲುತ್ತದೆ. ಎತ್ತಿ ಹಾಗೇ ಇಟ್ಟುಬಿಟ್ಟರೆ? ಇಡಬಹುದು. ಆದರೆ ಕೈಗೆ ಬಂದ ನೀರನ್ನು ಒಂದು ಗುಟುಕಾದರೂ ಕುಡಿದೇ ಇಡುತ್ತಾರೆ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಅದೇ ಇಲ್ಲಿ ತೊಂದರೆ. ಹೃದಯ, ಕಿಡ್ನಿ ಕಾಯಿಲೆಗೆ ನೀರು ಅಳೆದು ಕುಡಿಯಿರಿ ಅಂತ ಹೇಳಿದ್ದರೆ ಮಾತ್ರ ಡಾಕ್ಟರನ್ನು ಕೇಳಿ ಸಮಯ ಇಡಿ.

ಇನ್ನೊಂದು, ಕಿಟ್ ಜೊತೆ ಬರುವ ಬಜರ್ ಬೇಡ. ಅದರದ್ದು ಕೀಚಲು ಸದ್ದು. ವಯಸ್ಸಾದವರ ಕಿವಿಗೆ ಮೊದಲು ತಪ್ಪಿಹೋಗುವುದೇ ಆ ಸದ್ದು. ಪುಟ್ಟ ಸ್ಪೀಕರ್ ಹಾಕಿ, 500 ಹರ್ಟ್ಸ್ ಆಸುಪಾಸಿನ ದಪ್ಪ ಸ್ವರ ಕೊಡಿ.

ಉತ್ತರ 2: ಕಿಟಕಿಗೆ ಗಡಿಯಾರ ನಂಬಬೇಡಿ, ಮೋಡದ ದಿನ ಸುಮ್ನೆ ಕೂಗುತ್ತದೆ. ಬಿಸಿ ಅಳೆಯುವ ಡಿಎಚ್‌ಟಿ22 ಸೆನ್ಸರ್ ಎರಡು ಹಾಕಿ, ಒಂದು ಒಳಗೆ, ಒಂದು ಹೊರಗೆ ನೆರಳಿನಲ್ಲಿ. ಹೊರಗೆ ಬಿಸಿ ಜಾಸ್ತಿಯಾದರೆ ಕೆಂಪು ದೀಪ, ಮುಚ್ಚಬೇಕು. ಸಂಜೆ ಹೊರಗೆ ತಣ್ಣಗಾದರೆ ಹಸಿರು, ತೆಗೆಯಬೇಕು. ಒಂದೊಂದು ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ತೋರಿಸುತ್ತದೆ. ಹಾಗಾಗಿ 2 ಡಿಗ್ರಿ ವ್ಯತ್ಯಾಸ ಬಂದ ಮೇಲಷ್ಟೇ ದೀಪ ಬದಲಾಗಲಿ, ಇಲ್ಲದಿದ್ದರೆ ಕೆಂಪು-ಹಸಿರು ಆಟವೇ ಆಗುತ್ತದೆ. ವೈಫೈ ಬೋರ್ಡ್ ತಾನೇ ಬಿಸಿಯಾಗುತ್ತದೆ. ಸೆನ್ಸರನ್ನು ಅದೇ ಡಬ್ಬಿಯಲ್ಲಿ ತುರುಕದೆ ವೈರ್ ಎಳೆದು ದೂರ ಇಡಿ.

ಉತ್ತರ 3: ಕರೆಂಟ್ ಹೋದರೆ ಬೋರ್ಡ್ ಸಮಯ ಮರೆಯುತ್ತದೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿ, ಬಟನ್ ಸೆಲ್‌ನಲ್ಲಿ ಓಡುತ್ತಿರುತ್ತದೆ. ಫ್ಯಾನ್ ವಿಷಯವೂ ಹೇಳಬೇಕು. 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಗಾಳಿ ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ. ನನ್ನ ಡಬ್ಬಿ ಅದಕ್ಕೂ ಮೊದಲೇ, 35ಕ್ಕೆ, ನನ್ನ ಫೋನಿಗೆ ಮೆಸೇಜ್ ಕಳಿಸುತ್ತದೆ. ಆಗ ಮನೆಯಲ್ಲಿರುವ ಹಿರಿಯರಿಗೆ ಫೋನ್ ಮಾಡಿ ಮಾತಾಡಿಸುತ್ತೇನೆ. ಮಾತು ತಡವರಿಸಿದರೆ, ಗೊಂದಲ ಕಂಡರೆ ಕಾಯುವ ಹಾಗಿಲ್ಲ, ತಕ್ಷಣ ಆಂಬ್ಯುಲೆನ್ಸ್.

ಕೇಳಿದವರು: ತುಂಬಾ ಉಪಯೋಗ ಆಯ್ತು. ಲೋಟದ ಕೆಳಗೆ ಸ್ವಿಚ್ ಅಂದ್ರಿ, ನೀರು ಚೆಲ್ಲಿದರೆ?

ಉತ್ತರ 1: ಚೆಲ್ಲೇ ಚೆಲ್ಲುತ್ತದೆ. 5 ವೋಲ್ಟ್ ಅಷ್ಟೇ, ಶಾಕ್ ಹೊಡೆಯುವುದಿಲ್ಲ. ಸ್ವಿಚ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ. ಬೋರ್ಡ್, ಅಡಾಪ್ಟರ್ ಎರಡನ್ನೂ ಗೋಡೆಗೆ ಎತ್ತರದಲ್ಲಿ ಹಾಕಿ.